ವರ್ಷಕ್ಕೊಂದು ಪ್ರವಾಸ ಸಾಕೇ? ನಮ್ಮ ಶಾಲೆಗಳು ಮತ್ತು ವಸ್ತುಸಂಗ್ರಹಾಲಯಗಳ ನಂಟಿನ ಕುರಿತು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಚರ್ಚೆ

ಸಮಾಜ ವಿಜ್ಞಾನ ಶಿಕ್ಷಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಎಂಟನೆಯ ತರಗತಿಯ ಇತಿಹಾಸ ಭಾಗ 'ಆಧಾರಗಳು' ಎಂಬ ಪಾಠದಿಂದ ಶುರುವಾಗುತ್ತದೆ. ಶಾಸನ, ನಾಣ್ಯ, ತಾಮ್ರಪಟ, ಸ್ಮಾರಕ ಎಂದು ನಾವು ಹಲಗೆಯ ಮೇಲೆ ಬರೆಯುತ್ತೇವೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಆದರೆ ಇದೇ ಧಾರವಾಡದಲ್ಲಿ, 1939ರಲ್ಲಿ ಆಗಿನ ಮುಂಬಯಿ ಸರ್ಕಾರ ಆರಂಭಿಸಿ ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಭಾಗವಾದ ಕನ್ನಡ ಸಂಶೋಧನ ಸಂಸ್ಥೆಯಿದೆ, ಅದಕ್ಕೆ ತನ್ನದೇ ವಸ್ತುಸಂಗ್ರಹಾಲಯವಿದೆ. ಪಾಠದಲ್ಲಿ ಹೆಸರಿಸಿದ ಆಧಾರಗಳು ಕಣ್ಣೆದುರು ಇರುವ ಊರಿನಲ್ಲಿ ಓದುತ್ತಿರುವ ಮಗು ಅವುಗಳನ್ನು ಕೇವಲ ಪದಗಳಾಗಿ ಕಲಿಯುತ್ತಿದೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಶಾಲೆಗಳು ಸಂಗ್ರಹಾಲಯಗಳಿಗೆ ಹೋಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಡಿಸೆಂಬರ್, ಜನವರಿಯಲ್ಲಿ ಎಲ್ಲರೂ ಹೋಗುತ್ತೇವೆ. ಬೆಳಗಿನ ಜಾವ ಬಸ್ಸು ಹತ್ತಿ, ಒಂದೇ ದಿನದಲ್ಲಿ ಐದಾರು ಸ್ಥಳ ಮುಗಿಸಿ, ಸಾಲಾಗಿ ಒಳಹೋದ ಮಕ್ಕಳನ್ನು ಸಾಲಾಗಿ ಹೊರತಂದು, ತಲೆ ಎಣಿಸಿ ಮತ್ತೆ ಬಸ್ಸು ಹತ್ತಿಸುವಷ್ಟರಲ್ಲಿ ಶಿಕ್ಷಕರ ಶಕ್ತಿ ಮುಗಿದಿರುತ್ತದೆ. ಗಾಜಿನ ಪೆಟ್ಟಿಗೆಯ ಮುಂದೆ ಒಂದು ಮಗು ನಿಂತು ಪ್ರಶ್ನೆ ಕೇಳಿದರೆ 'ಮುಂದೆ ನಡಿ' ಎನ್ನುವವರು ನಾವೇ ಆಗಿರುತ್ತೇವೆ.

ನನ್ನ ಪ್ರಸ್ತಾಪವಿಷ್ಟು. ಒಂದು ಶಾಲೆ ಒಂದು ಸಂಸ್ಥೆಯೊಡನೆ ಇಡೀ ಶೈಕ್ಷಣಿಕ ವರ್ಷಕ್ಕೆ ಒಪ್ಪಂದ ಮಾಡಿಕೊಳ್ಳಬೇಕು. ಅದೇ ತರಗತಿ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು, ಸಂಸ್ಥೆಯವರು ಶಾಲೆಗೂ ಬರಬೇಕು. ಇಂಥ ವ್ಯವಸ್ಥೆಗೆ ಸಂಗ್ರಹಾಲಯದವರು ನಮ್ಮಿಂದ ಏನನ್ನು ಬಯಸುತ್ತಾರೆ, ಅಡ್ಡಿಗಳು ಯಾವುವು, ಎಲ್ಲಿಂದ ಶುರುಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ವಸ್ತುಸಂಗ್ರಹಾಲಯವೊಂದರ ನಿವೃತ್ತ ಸಿಬ್ಬಂದಿ, ಧಾರವಾಡ

ಟೀಚರ್ ಅವರ ಪ್ರಶ್ನೆಗೆ ಸಂಗ್ರಹಾಲಯದ ಒಳಗಿನಿಂದ ಉತ್ತರಿಸುತ್ತೇನೆ. ಮೊದಲು ಸೂಚನೆಯಿಲ್ಲದೆ ನೂರಕ್ಕೂ ಹೆಚ್ಚು ಮಕ್ಕಳು ಒಮ್ಮೆಲೇ ಬಂದಿಳಿದಾಗ ಅಲ್ಲಿನ ಸಿಬ್ಬಂದಿಗೆ ಕಲಿಸುವ ಯೋಚನೆ ಬರುವುದಿಲ್ಲ, ವಸ್ತುಗಳಿಗೆ ಏನೂ ಆಗದಿರಲಿ ಎಂಬ ಆತಂಕವೊಂದೇ ಇರುತ್ತದೆ. 'ಮುಟ್ಟಬೇಡ' ಎಂಬ ಮಾತು ಆ ಆತಂಕದಿಂದ ಹುಟ್ಟಿದ್ದು. ನಮ್ಮ ಭಾಗದ ಸಂಗ್ರಹಾಲಯಗಳಲ್ಲಿ ಮಕ್ಕಳಿಗಾಗಿಯೇ ನೇಮಿಸಿದ ಶಿಕ್ಷಣಾಧಿಕಾರಿ ಸಿಗುವುದು ಅಪರೂಪ, ಬಾಗಿಲು ಕಾಯುವವರೇ ಬಹುಪಾಲು ಕಡೆ ವಿವರಣೆಯನ್ನೂ ಕೊಡುತ್ತಿರುತ್ತಾರೆ. ಆದ್ದರಿಂದ ಪಾಠ ಮಾಡುವ ಹೊಣೆಯನ್ನು ಪೂರ್ತಿಯಾಗಿ ಸಂಗ್ರಹಾಲಯದ ಮೇಲೆ ಹೊರಿಸಬಾರದು. ಶಿಕ್ಷಕರು ಮಕ್ಕಳಿಲ್ಲದೆ ಒಬ್ಬರೇ ಮೊದಲು ಬರಬೇಕು. ಒಂದು ಮಧ್ಯಾಹ್ನ ಕುಳಿತು ಯಾವ ಕೋಣೆ, ಯಾವ ಎರಡು ಅಥವಾ ಮೂರು ವಸ್ತು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಉಳಿದದ್ದನ್ನು ಆ ದಿನ ನೋಡದಿದ್ದರೂ ನಷ್ಟವಿಲ್ಲ.

ವೀರಗಲ್ಲನ್ನೇ ತೆಗೆದುಕೊಳ್ಳಿ. 'ಇದು ವೀರಗಲ್ಲು, ಯುದ್ಧದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ್ದು' ಎಂದು ಹೇಳಿ ಮುಂದೆ ಹೋದರೆ ಮಗು ಕಲ್ಲನ್ನು ನೋಡಿರುವುದಿಲ್ಲ, ನಮ್ಮ ಮಾತನ್ನು ಕೇಳಿರುತ್ತದೆ ಅಷ್ಟೇ. ಹತ್ತು ನಿಮಿಷ ಏನೂ ಹೇಳದೆ, ಕಂಡದ್ದನ್ನು ಕೆಳಗಿನಿಂದ ಮೇಲಕ್ಕೆ ಹೇಳುತ್ತ ಹೋಗಿ ಎಂದು ಮಕ್ಕಳಿಗೇ ಬಿಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಕೆಲವೆಡೆ ದನಗಳ ಹಿಂಡು. ಅದರ ಮೇಲೆ ವೀರನನ್ನು ಎರಡೂ ಕಡೆಯಿಂದ ಹಿಡಿದು ಕರೆದೊಯ್ಯುತ್ತಿರುವ ಹೆಣ್ಣುಮಕ್ಕಳು. ಎಲ್ಲಕ್ಕೂ ಮೇಲೆ ಲಿಂಗ, ಪೂಜೆಗೆ ಕುಳಿತ ವೀರ, ಸೂರ್ಯ ಚಂದ್ರರು. ದನಗಳು ಏಕೆ ಇವೆ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಆಗ ದನಗಳನ್ನು ದೋಚಿಕೊಂಡು ಹೋಗುವ ತುರುಗೋಳಿನ ಮಾತು ಬರುತ್ತದೆ, ದನವೇ ಸಂಪತ್ತಾಗಿದ್ದ ಕಾಲದ ಅರ್ಥವ್ಯವಸ್ಥೆ ಬರುತ್ತದೆ, ಸತ್ತವನು ಅರಸನಲ್ಲ, ಊರಿನ ಸಾಮಾನ್ಯ ಮನುಷ್ಯನೂ ಇರಬಹುದು ಎಂಬ ವಿಚಾರ ಬರುತ್ತದೆ. ಪಕ್ಕದಲ್ಲಿ ಸತಿ ಹೋದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಮಾಸ್ತಿಗಲ್ಲೊಂದಿದ್ದರೆ, ಅದರಲ್ಲಿ ಕೆತ್ತಿದ ಬಳೆ ತೊಟ್ಟ ಕೈಯ ಮುಂದೆ ಎಂಟನೆಯ ತರಗತಿಯ ಹುಡುಗಿಯರು ಕೇಳುವ ಪ್ರಶ್ನೆಗಳಿಗೆ ಶಿಕ್ಷಕರು ಸಿದ್ಧರಾಗಿಯೇ ಬರಬೇಕಾಗುತ್ತದೆ.

ಇನ್ನೊಂದು ಸಂಗತಿ. ಶಾಸನದ ಪಡಿಯಚ್ಚು ತೆಗೆಯುವುದನ್ನು ಮಕ್ಕಳ ಎದುರಿಗೆ ಮಾಡಿ ತೋರಿಸಲು ಬಲ್ಲವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಕಲ್ಲನ್ನು ನೀರು ಮತ್ತು ಕುಂಚದಿಂದ ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ಗುಳಿಗಳಲ್ಲಿ ಕಾಗದ ಇಳಿಯುವಂತೆ ಕುಂಚದಿಂದ ತಟ್ಟಿ, ಅದು ಸ್ವಲ್ಪ ಆರಿದ ಮೇಲೆ ಮಸಿಯ ಉಂಡೆಯಿಂದ ಮೆಲ್ಲಗೆ ಒತ್ತುತ್ತ ಹೋದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳು ಎದ್ದು ಕಾಣತೊಡಗುತ್ತವೆ. ಸಾವಿರ ವರ್ಷ ಹಳೆಯ ಬರಹದಲ್ಲಿ ತನಗೆ ಗೊತ್ತಿರುವ ಒಂದು 'ಗ', ಒಂದು 'ರ' ಗುರುತು ಹಿಡಿದ ಮಗುವಿಗೆ 'ಆಧಾರಗಳು' ಎಂಬ ಪಾಠವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಆದರೆ ಇದನ್ನು ಸಂರಕ್ಷಿತ ಸ್ಮಾರಕದ ಕಲ್ಲಿನ ಮೇಲೆ ಮಕ್ಕಳಿಂದ ಮಾಡಿಸಕೂಡದು. ಹೊಸದಾಗಿ ಕೊರೆಸಿದ ಒಂದು ಚಪ್ಪಡಿಯನ್ನು ಇದಕ್ಕಾಗಿ ಇಟ್ಟುಕೊಂಡರೆ ಸಾಕು, ಯಾವುದೇ ಕಲ್ಲುಕುಟಿಗರು ಮಾಡಿಕೊಡುತ್ತಾರೆ.

ಮುಖ್ಯೋಪಾಧ್ಯಾಯರು, ಸರ್ಕಾರಿ ಶಾಲೆ, ಹಾವೇರಿ ಜಿಲ್ಲೆ

ಮೇಡಂ ಮತ್ತು ಸರ್ ಇಬ್ಬರ ಮಾತುಗಳನ್ನೂ ಗೌರವದಿಂದ ಓದಿದ್ದೇನೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ನೇರವಾಗಿ ಹೇಳಬೇಕಾಗಿದೆ. ಧಾರವಾಡದ ಶಾಲೆಗೆ ಸಂಗ್ರಹಾಲಯ ನಗರ ಸಾರಿಗೆಯ ಬಸ್ಸಿನ ದೂರದಲ್ಲಿದೆ. ಹಿರೇಕೆರೂರಿನ ಅಥವಾ ಹಾನಗಲ್ಲಿನ ಒಂದು ಹಳ್ಳಿ ಶಾಲೆಗೆ ಅದೇ ಭೇಟಿಯೆಂದರೆ ಬಸ್ಸಿನ ಬಾಡಿಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ, ಪಾಲಕರ ಒಪ್ಪಿಗೆ ಪತ್ರ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ಠರಾವು, ಜೊತೆಗೆ ಹೋಗಲು ಶಿಕ್ಷಕಿಯೊಬ್ಬರು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಮಕ್ಕಳೇ ಶಾಲೆಗೆ ಬರುವುದು ಕಷ್ಟ. ಹಣ ಕೊಡಲಾಗದ ಮಗು ಪ್ರವಾಸದ ದಿನ ಮನೆಯಲ್ಲಿ ಉಳಿಯುತ್ತದೆ, ಆ ಮಗುವೇ ಅಲ್ಲಿಗೆ ಹೋಗಬೇಕಾದದ್ದು. 'ವರ್ಷಪೂರ್ತಿ ಮತ್ತೆ ಮತ್ತೆ ಭೇಟಿ' ಎಂಬ ಮಾದರಿಯನ್ನು ನಗರದ ಅನುಕೂಲ ನೋಡಿ ರೂಪಿಸಿದರೆ ಅದು ನಗರದಲ್ಲೇ ಉಳಿಯುತ್ತದೆ.

ಸಂಗ್ರಹಾಲಯವೇ ಶಾಲೆಗೆ ಬರುವ ದಾರಿಗಳಿವೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ 2015ರಿಂದ ಬಸ್ಸೊಂದನ್ನೇ ಪ್ರದರ್ಶನಾಲಯವಾಗಿ ಮಾಡಿ ಶಾಲೆಗಳ ಬಾಗಿಲಿಗೆ ಕಳಿಸುತ್ತಿದೆ. ವಿಜ್ಞಾನದ ಸಂಚಾರಿ ಪ್ರದರ್ಶನದ ಬಸ್ಸುಗಳು ನಮ್ಮ ದೇಶದಲ್ಲಿ 1965ರಿಂದಲೂ ಇವೆ. ಇಷ್ಟು ದೊಡ್ಡದು ನಮ್ಮಿಂದಾಗದಿದ್ದರೂ ಒಂದು ಟ್ರಂಕು ಸಾಕು. ನಾಣ್ಯಗಳ ಪ್ರತಿಕೃತಿ, ಒಂದು ಓಲೆಗರಿ, ಒಂದು ಪಡಿಯಚ್ಚು, ನಾಲ್ಕು ದೊಡ್ಡ ಛಾಯಾಚಿತ್ರ, ಶಿಕ್ಷಕರಿಗೆ ಒಂದು ಕೈಪಿಡಿ ಇಟ್ಟು ಶಾಲೆಯಿಂದ ಶಾಲೆಗೆ ಹದಿನೈದು ದಿನಕ್ಕೊಮ್ಮೆ ದಾಟಿಸಬಹುದು. ಸಿಆರ್‌ಪಿಗಳು (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು) ಹೇಗೂ ಶಾಲೆಯಿಂದ ಶಾಲೆಗೆ ಓಡಾಡುತ್ತಲೇ ಇರುತ್ತಾರೆ.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ನಮ್ಮ ಜಿಲ್ಲೆಯ ಮಕ್ಕಳು ವೀರಗಲ್ಲು ನೋಡಲು ಧಾರವಾಡಕ್ಕೆ ಹೋಗಬೇಕಾಗಿಲ್ಲ. ಹನುಮಪ್ಪನ ಗುಡಿಯ ಕಟ್ಟೆಗೆ ಒರಗಿಸಿಟ್ಟ, ಕೆರೆಯ ಏರಿಯ ಮೇಲೆ ಅರ್ಧ ಹೂತುಹೋದ ಎಷ್ಟೋ ಕಲ್ಲುಗಳು ಊರೂರಿನಲ್ಲಿವೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಮಲದ ಛತ್ತು, ಬಂಕಾಪುರದ ಕೋಟೆಯೊಳಗಿನ ಹಲವು ಕಂಬಗಳ ನಗರೇಶ್ವರ, ತುಂಗಭದ್ರೆಯ ದಂಡೆಯ ಗಳಗನಾಥ ಮತ್ತು ಚೌಡಯ್ಯದಾನಪುರ, ಹಾವೇರಿ ಪಟ್ಟಣದಲ್ಲೇ ಇರುವ ಪುರದ ಸಿದ್ಧೇಶ್ವರ, ಇವುಗಳಲ್ಲಿ ಒಂದಾದರೂ ಹತ್ತಿರದಲ್ಲಿಲ್ಲದ ಶಾಲೆಗಳು ಕಡಿಮೆ. ದಂಡಿ ಸತ್ಯಾಗ್ರಹದಲ್ಲಿ ಗಾಂಧೀಜಿಯವರ ಜೊತೆ ನಡೆದ ಮೈಲಾರ ಮಹಾದೇವಪ್ಪನವರು ಮೋಟೆಬೆನ್ನೂರಿನವರು, 1943ರ ಏಪ್ರಿಲ್ 1ರಂದು ಗುಂಡಿಗೆ ಬಲಿಯಾದದ್ದು ಹೊಸರಿತ್ತಿಯಲ್ಲಿ. ಆ ದಾರಿಯಲ್ಲಿ ದಿನವೂ ಓಡಾಡುವ ಮಗುವಿಗೆ ಸ್ವಾತಂತ್ರ್ಯ ಹೋರಾಟ ಎಲ್ಲೋ ದೂರ ನಡೆದ ಸಂಗತಿಯಾಗಿ ಉಳಿಯಬಾರದು.

ಮಕ್ಕಳೇ ಮನೆಯಿಂದ ತಂದ ವಸ್ತುಗಳ ಒಂದು ಕೋಣೆಯನ್ನು ಶಾಲೆಯಲ್ಲಿ ಮಾಡಲು ಸಾಧ್ಯ. ಸೇರು, ಪಾವು, ಚಟಾಕುಗಳಿಂದ ಶುರುಮಾಡಬಹುದು. ಕೂರಿಗೆಯ ಬಟ್ಟಲು, ಬೀಸುವ ಕಲ್ಲು, ಒನಕೆ, ಎತ್ತಿನ ಕೊರಳ ಗೆಜ್ಜೆ, ಕಂದೀಲು ಎಲ್ಲವೂ ಬರುತ್ತವೆ. ಪ್ರತಿಯೊಂದಕ್ಕೂ ಒಂದು ದಾಖಲೆ ಪುಸ್ತಕದಲ್ಲಿ ಕೊಟ್ಟವರ ಹೆಸರು, ಬಳಸುತ್ತಿದ್ದ ಕೆಲಸ, ಬಳಕೆ ನಿಂತ ಕಾಲ, ನಿಲ್ಲಲು ಕಾರಣ ಬರೆಸಬೇಕು. ಜೋಳವನ್ನು ನೆಲದೊಳಗೆ ಕೂಡಿಡುತ್ತಿದ್ದ ಹಗೇವು ಈಗ ಏಕೆ ಇಲ್ಲ ಎಂದು ಅಜ್ಜನನ್ನು ಕೇಳಿ ಬರೆದುಕೊಂಡು ಬಂದ ಮಗು ಬರಗಾಲದ ಪಾಠವನ್ನೂ ಬೆಳೆ ಬದಲಾದ ಕಥೆಯನ್ನೂ ಒಟ್ಟಿಗೆ ತಂದಿರುತ್ತದೆ. ಇಲ್ಲಿ ನಮಗೆ ತಜ್ಞರ ನೆರವು ಬೇಕು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ, ಮರಕ್ಕೆ ಗೆದ್ದಲು ಹತ್ತದಂತೆ ನೋಡಿಕೊಳ್ಳುವುದು, ವಸ್ತುವಿಗೆ ಸಂಖ್ಯೆ ಕೊಡುವುದು, ಹೇಳಿಕೆ ದಾಖಲಿಸುವುದು ನಮಗೆ ಗೊತ್ತಿಲ್ಲ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹಳ್ಳಿಗಳಿಗೆ ಬರುವವರೇ ಆದ್ದರಿಂದ ಒಂದೊಂದು ಶಾಲೆಗೆ ಇಬ್ಬಿಬ್ಬರನ್ನು ಜೋಡಿಸಿಕೊಟ್ಟರೆ ಎರಡೂ ಕಡೆಯವರಿಗೆ ಪ್ರಯೋಜನವಿದೆ. ನನ್ನ ಲೆಕ್ಕದಲ್ಲಿ ಸಹಭಾಗಿತ್ವವೆಂದರೆ ಇದು.

ಪಾಲಕರು, ಹುಬ್ಬಳ್ಳಿ

ಅಕ್ಕಾವರೇ, ನಿಮ್ಮ ಕಾಳಜಿ ಒಳ್ಳೆಯದು. ಆದರೆ ನಮ್ಮಂಥ ಪಾಲಕರ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಯಾರಾದರೂ ಕೇಳಬೇಕು. ಎಂಟನೆಯ ತರಗತಿಯಿಂದಲೇ ಎಸ್‌ಎಸ್‌ಎಲ್‌ಸಿ ಚಿಂತೆ ಶುರುವಾಗುತ್ತದೆ, ಗಣಿತ ಮತ್ತು ವಿಜ್ಞಾನದ ಪಾಠಗಳೇ ಮುಗಿಯುತ್ತಿಲ್ಲ ಎಂದು ಶಾಲೆಯವರೇ ಹೇಳುತ್ತಾರೆ. ಹೀಗಿರುವಾಗ ಈ ಭೇಟಿಗಳಿಗೆ ಕೊಟ್ಟ ದಿನಗಳಿಂದ ಉಳಿದ ವಿಷಯಗಳಿಗೆ ಕೊರತೆಯಾಗುವುದಿಲ್ಲವೇ? ಇತಿಹಾಸವೊಂದನ್ನು ಬಿಟ್ಟು ಬೇರೆ ಯಾವ ವಿಷಯಕ್ಕೆ ಇದರಿಂದ ಉಪಯೋಗವಿದೆ?

ವಿಜ್ಞಾನ ಮತ್ತು ಗಣಿತ ಶಿಕ್ಷಕ, ಹುಬ್ಬಳ್ಳಿ

ಮೇಲಿನ ಪ್ರಶ್ನೆ ನ್ಯಾಯವಾದದ್ದು. ನಮ್ಮ ಊರಿನಿಂದಲೇ ಉತ್ತರಿಸುತ್ತೇನೆ.

ನೈಋತ್ಯ ರೈಲ್ವೆಯವರು 2020ರಲ್ಲಿ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯವನ್ನು ತೆರೆದಿದ್ದಾರೆ. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಕಲ್ಲುಕಟ್ಟಡಗಳನ್ನು ಉಳಿಸಿಕೊಂಡೇ ಅದನ್ನು ರೂಪಿಸಲಾಗಿದೆ. ಮಕ್ಕಳು ಅಲ್ಲಿ ಆಟಿಗೆ ರೈಲು ಹತ್ತಿ, ಫೋಟೊ ತೆಗೆಸಿಕೊಂಡು ಬರುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಹಳಿಗಳ ನಡುವಣ ಅಂತರ ಬ್ರಾಡ್ ಗೇಜಿನಲ್ಲಿ 1676 ಮಿಲಿಮೀಟರ್, ಮೀಟರ್ ಗೇಜಿನಲ್ಲಿ 1000 ಮಿಲಿಮೀಟರ್, ನ್ಯಾರೋ ಗೇಜಿನಲ್ಲಿ ಸಾಮಾನ್ಯವಾಗಿ 762 ಮಿಲಿಮೀಟರ್ ಎಂಬ ಸಂಗತಿಯನ್ನು ಟೇಪು ಹಿಡಿದು ಅಳೆಯುವ ಅವಕಾಶ ಕೊಟ್ಟು, ಅಂತರ ಹೆಚ್ಚಾದರೆ ಗಾಡಿಯ ಸ್ಥಿರತೆ ಏನಾಗುತ್ತದೆ, ಗುರುತ್ವಕೇಂದ್ರ ಎಲ್ಲಿರಬೇಕು, ಘಟ್ಟದ ತಿರುವಿನಲ್ಲಿ ಕಿರಿದಾದ ಹಳಿಯೇ ಏಕೆ ಅನುಕೂಲ ಎಂದು ಕೇಳಿದರೆ ಅದು ಭೌತಶಾಸ್ತ್ರದ ತರಗತಿಯಾಗುತ್ತದೆ. ಬೇಸಿಗೆಯಲ್ಲಿ ಹಿಗ್ಗುವ ಹಳಿಗೆ ಬಿಡುವ ಸಂದಿನ ಬಗ್ಗೆ ಪುಸ್ತಕದಲ್ಲಿ ಚಿತ್ರವಿದೆ, ಹುಬ್ಬಳ್ಳಿಯ ಮಗುವಿಗೆ ಆ ಸಂದನ್ನೇ ತೋರಿಸಬಹುದು. ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾದಾಗ ಈ ಊರಿನ ವ್ಯಾಪಾರ ಹೇಗೆ ಬದಲಾಯಿತು ಎಂಬುದನ್ನು ರೈಲ್ವೆ ಕಾರ್ಯಾಗಾರದಲ್ಲಿ ದುಡಿದ ಅಜ್ಜಂದಿರೇ ಬಂದು ಹೇಳಬಲ್ಲರು. ಅಂಥವರ ಮನೆಗಳು ಹುಬ್ಬಳ್ಳಿಯಲ್ಲಿ ಬೇಕಾದಷ್ಟಿವೆ.

ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಯಾರೂ ಸಂಗ್ರಹಾಲಯವೆಂದು ಕರೆಯುವುದಿಲ್ಲ. ಆದರೂ ಅದನ್ನು ಈ ಚರ್ಚೆಯಲ್ಲಿ ಸೇರಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ರಾಷ್ಟ್ರಧ್ವಜ ಅಲ್ಲಿ ಸಿದ್ಧವಾಗುತ್ತದೆ, ಧ್ವಜದ ಖಾದಿ ಬಟ್ಟೆಯನ್ನು ಧಾರವಾಡದ ಬಳಿಯ ಗರಗದಲ್ಲಿ ನೇಯುತ್ತಾರೆ. ಧ್ವಜಕ್ಕೆ ಒಂಬತ್ತು ನಿಗದಿತ ಅಳತೆಗಳಿವೆ. ಅತಿ ದೊಡ್ಡದು 6300 ಮತ್ತು 4200 ಮಿಲಿಮೀಟರ್, ಅತಿ ಚಿಕ್ಕದು 150 ಮತ್ತು 100 ಮಿಲಿಮೀಟರ್, ಎಲ್ಲದರ ಅನುಪಾತವೂ 3:2. ಚಕ್ರದ 24 ಅರಗಳ ನಡುವಿನ ಕೋನ 15 ಡಿಗ್ರಿ. ಏಳನೆಯ ತರಗತಿಯ ಅನುಪಾತದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಅವಕಾಶವಾಯಿತು. ಕೈನೂಲಿನ ದುಡಿಮೆಯನ್ನೇ ನಂಬಿದ ಹೆಣ್ಣುಮಕ್ಕಳ ಮೇಲೆ ಇಂಥ ಬದಲಾವಣೆಯ ಪರಿಣಾಮವೇನು ಎಂಬ ಪ್ರಶ್ನೆಯನ್ನು ಮಕ್ಕಳು ನೂಲುವವರನ್ನೇ ಕೇಳಿ ತಿಳಿಯಲಿ. ಅದು ಗಣಿತವೂ ಹೌದು, ಪೌರನೀತಿಯೂ ಹೌದು.

ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅಲ್ಲಿನ ಮಾದರಿಗಳನ್ನು ಮುಟ್ಟಿ ತಿರುಗಿಸಿ ನೋಡಲೆಂದೇ ಇಟ್ಟಿದ್ದಾರೆ. ಪಾಲಕರಿಗೆ ನನ್ನ ಉತ್ತರ ಇಷ್ಟೇ: ಭೇಟಿಯನ್ನು ಪಾಠದ ಬದಲಿಗೆ ಇಡಬಾರದು, ಆ ವಾರ ಮಾಡಲೇಬೇಕಾದ ಪಾಠವನ್ನೇ ಅಲ್ಲಿ ಮಾಡಬೇಕು. ಹಾಗೆ ಹೊಂದಿಸಲಾಗದ ಭೇಟಿಯನ್ನು ಕೈಬಿಡುವುದೇ ಲೇಸು.

ಇತಿಹಾಸ ಉಪನ್ಯಾಸಕ, ಗದಗ

ಲಕ್ಕುಂಡಿಯ ಪ್ರಸ್ತಾಪ ಇನ್ನೂ ಬಂದಿಲ್ಲವೆಂದು ಬರೆಯುತ್ತಿದ್ದೇನೆ. ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಈ ಊರಿನಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ, ಅವಳ ಶಾಸನದ ಕಾಲ 1007. ಪೊನ್ನನ ಕಾವ್ಯಕ್ಕೆ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದವಳು, ರನ್ನನಿಗೆ ಆಶ್ರಯ ಕೊಟ್ಟವಳು. ಕನ್ನಡ ಪಾಠಕ್ಕೂ ಇತಿಹಾಸ ಪಾಠಕ್ಕೂ ಇಲ್ಲಿ ಬಾಗಿಲು ಒಂದೇ. ಲೊಕ್ಕಿಗುಂಡಿಯೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಟಂಕಶಾಲೆಯಿತ್ತು, ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯಕ್ಕೆ ಆ ಹೆಸರು ಬಂದದ್ದು ಹಾಗೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆ, ಮುಸುಕಿನ ಬಾವಿಯ ಮೆಟ್ಟಿಲು, ಪುರಾತತ್ವ ಇಲಾಖೆಯ ಶಿಲ್ಪಗಳ ಸಂಗ್ರಹ ಎಲ್ಲವೂ ಕಾಲ್ನಡಿಗೆಯ ಅಂತರದಲ್ಲಿವೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವೂ ಇಲ್ಲ.

ಆದರೆ ನಾನು ಹೆಚ್ಚು ಹೇಳಬೇಕೆಂದಿರುವುದು ಬೇರೆ ಸಂಗತಿ. ಲಕ್ಕುಂಡಿಗೆ ಹೊರಗಿನ ಶಾಲೆಗಳ ಮಕ್ಕಳು ಬಂದು ಹೋಗುತ್ತಾರೆ, ಅದೇ ಊರಿನ ಮಕ್ಕಳಿಗೆ ಗುಡಿಗಳು ಆಟದ ಬಯಲಾಗಿ ಮಾತ್ರ ಗೊತ್ತಿರುತ್ತವೆ. ಊರಿನ ಶಾಲೆಯ ಮಕ್ಕಳನ್ನೇ ವರ್ಷವಿಡೀ ತಯಾರು ಮಾಡಿ, ಬರುವ ಬೇರೆ ಶಾಲೆಯ ಮಕ್ಕಳಿಗೆ ಅವರೇ ವಿವರಿಸುವಂತೆ ಮಾಡಬೇಕು. ತನ್ನ ವಯಸ್ಸಿನವರಿಗೆ ವಿವರಿಸಬೇಕಾದ ಮಗು ಪಾಠವನ್ನು ಬಾಯಿಪಾಠ ಮಾಡಿ ಪಾರಾಗಲಾರದು, ಎದುರಿನವನು ಕೇಳುವ ಪ್ರಶ್ನೆ ಪುಸ್ತಕದಲ್ಲಿ ಇರುವುದಿಲ್ಲ.

ಸ್ಮಾರಕದ ಊರಿನಲ್ಲಿ ಬದುಕುವ ಕಷ್ಟವೂ ಪಾಠವಾಗಬೇಕು. 2010ರ ತಿದ್ದುಪಡಿಯಾದ ಕಾನೂನಿನ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಗೆ ಮತ್ತೂ 200 ಮೀಟರ್‌ವರೆಗೆ ಅನುಮತಿ ಬೇಕು. ಗುಡಿಯ ಪಕ್ಕದಲ್ಲೇ ಮನೆಯಿರುವ, ಮಗನ ಮದುವೆಗೆಂದು ಒಂದು ಕೋಣೆ ಹೆಚ್ಚಿಸಬೇಕೆಂದಿರುವ ಕುಟುಂಬ ಏನು ಮಾಡಬೇಕು? ಗುಡಿ ಉಳಿಯಬೇಕು, ಅವರೂ ಉಳಿಯಬೇಕು. ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ಎರಡು ಪಕ್ಷವಾಗಿ ನಿಂತು ವಾದಿಸಿದರೆ, ಪರಂಪರೆ ಎಂಬುದು ಭಾಷಣದ ವಿಷಯವಾಗಿ ಉಳಿಯದೆ ನೆರೆಮನೆಯವರ ಬದುಕಿನ ವಿಷಯವಾಗುತ್ತದೆ.

ಶಿಕ್ಷಕರಿಗೆ ಒಂದು ವಿನಂತಿ. ಶಾಸನದ ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಅಥವಾ ಅರಿಷಿಣ ಹಚ್ಚುವುದು ಬೇಡವೇ ಬೇಡ, ಅದರಿಂದ ಕಲ್ಲು ಕೆಡುತ್ತದೆ. ನೆರಳಿನಲ್ಲಿ ನಿಂತು ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ನೆರಳು ಚೆಲ್ಲಿ ಎದ್ದು ಕಾಣುತ್ತದೆ, ಮೊಬೈಲಿನ ಬೆಳಕೇ ಸಾಕು.

ಇಷ್ಟರ ಜೊತೆಗೆ ಕಣಗಿನಹಾಳವನ್ನು ಮರೆಯಬಾರದು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ಊರು ಅದು. ಸಂಘದ ಹಳೆಯ ಲೆಕ್ಕದ ಪುಸ್ತಕಗಳು ಅಥವಾ ಠರಾವುಗಳ ನಕಲು ತರಗತಿಗೆ ಸಿಕ್ಕರೆ ಬಡ್ಡಿಯ ಲೆಕ್ಕವೂ ಬರುತ್ತದೆ, ಸಾಹುಕಾರನ ಸಾಲದಿಂದ ರೈತ ಬಿಡಿಸಿಕೊಂಡ ಬಗೆಯೂ ತಿಳಿಯುತ್ತದೆ.

ಸಂಗೀತ ಶಿಕ್ಷಕಿ, ಗದಗ

ಇಲ್ಲಿಯವರೆಗೆ ಕಲ್ಲು, ಕಬ್ಬಿಣ, ಬಟ್ಟೆಯ ಮಾತಾಯಿತು. ನಮ್ಮ ನೆಲದ ದೊಡ್ಡ ಸಂಪತ್ತು ಕಂಠದಲ್ಲಿಯೂ ಕೈಬೆರಳಿನಲ್ಲಿಯೂ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳನ್ನು ಗಾಯಕರನ್ನಾಗಿ, ವಾದಕರನ್ನಾಗಿ ಮಾಡಿದರು. ಅವರಿಬ್ಬರೂ ಸ್ವತಃ ಕಣ್ಣಿಲ್ಲದವರು. ನಮ್ಮ ಶಾಲೆಯ ಮಕ್ಕಳು ಆಶ್ರಮದ ಮಕ್ಕಳ ರಿಯಾಜಿನ ಹೊತ್ತಿನಲ್ಲಿ ಸುಮ್ಮನೆ ಕುಳಿತು ಕೇಳುವುದು, ಅವರೊಡನೆ ಒಂದು ವಚನ ಕಲಿಯುವುದು ಎಷ್ಟು ದೊಡ್ಡ ಶಿಕ್ಷಣ! ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಮನೆ ಸ್ಮಾರಕವಾಗಿದೆ, ಸಾಧನಕೇರಿಯಲ್ಲಿ ಬೇಂದ್ರೆ ಭವನವಿದೆ, ಉಣಕಲ್ಲಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಗುರುಕುಲವಿದೆ. ಇಂಥ ಕಡೆ ಮಕ್ಕಳಿಗೆ ತಂಬೂರಿಯ ಫೋಟೊ ತೋರಿಸಿದರೆ ಸಾಲದು, ಶ್ರುತಿ ಹಿಡಿದು ಕೂರಿಸಬೇಕು.

ಕಸೂತಿಯ ಬಗ್ಗೆ ಗಣಿತದ ಸರ್ ಅವರ ಗಮನಕ್ಕೆ ತರುತ್ತೇನೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕೇ ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ತುಳಸಿ ವೃಂದಾವನ ಎಲ್ಲವೂ ಮೂಡುತ್ತವೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ, ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಗವಂತಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಬಗೆಯಾಗಿ ಕಾಣಬೇಕಾದ್ದರಿಂದ ಸೂಜಿ ಹೋದ ದಾರಿಯಲ್ಲೇ ಮರಳುವ ಲೆಕ್ಕವನ್ನು ಮೊದಲೇ ಮನಸ್ಸಿನಲ್ಲಿ ಹಾಕಿಕೊಳ್ಳಬೇಕು. ಚೌಕಳಿ ಹಾಳೆಯ ಮೇಲೆ ಇದನ್ನು ಬಿಡಿಸಿದ ಹುಡುಗರೂ ಸಮಮಿತಿಯನ್ನು ಚೆನ್ನಾಗಿ ಕಲಿಯುತ್ತಾರೆ, ಇದು ಹುಡುಗಿಯರ ಕೆಲಸವೆಂಬ ಭಾವನೆಯೂ ಹೋಗುತ್ತದೆ.

ಎರಡು ಮಾತುಗಳನ್ನು ಒತ್ತಿ ಹೇಳುತ್ತೇನೆ. ಕಲಿಸಲು ಬರುವ ಕಸೂತಿಯ ಅಜ್ಜಿಗೆ, ಗೀಗೀ ಪದದವರಿಗೆ, ಡೊಳ್ಳಿನವರಿಗೆ ಗೌರವಧನ ಕೊಡಲೇಬೇಕು. ಶಾಲು ಹೊದಿಸಿ, ಹಾರ ಹಾಕಿ ಕಳಿಸಿದರೆ ಅವರ ಆ ದಿನದ ಕೂಲಿ ಬರುವುದಿಲ್ಲ. ಇನ್ನೊಂದು, ಕಣ್ಣು ಕಾಣದ ಮಗುವಿಗೆ ಗಾಜಿನ ಪೆಟ್ಟಿಗೆಯ ಸಂಗ್ರಹಾಲಯ ಬರೀ ಗೋಡೆ. ಪ್ರತಿಯೊಂದು ಸಂಗ್ರಹಾಲಯದಲ್ಲಿ ಮುಟ್ಟಿ ನೋಡಬಹುದಾದ ಕೆಲವು ಪ್ರತಿಕೃತಿಗಳಾದರೂ ಇರಲಿ. ಅವು ಉಳಿದ ಮಕ್ಕಳಿಗೂ ಬೇಕು.

ಸಮಾಜ ವಿಜ್ಞಾನ ಶಿಕ್ಷಕಿ, ಧಾರವಾಡ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಹಾವೇರಿಯ ಸರ್ ಅವರ ಆಕ್ಷೇಪವನ್ನು ಒಪ್ಪುತ್ತೇನೆ. ಊರಿನ ವೀರಗಲ್ಲಿನಿಂದ ಶುರುವಾಗಿ ಸಂಗ್ರಹಾಲಯಕ್ಕೆ ಹೋಗುವ ದಾರಿ ಸರಿಯಾದದ್ದು. ಆದರೂ ಸಂಗ್ರಹಾಲಯಕ್ಕೆ ಒಮ್ಮೆಯಾದರೂ ಹೋಗಬೇಕೆಂಬುದನ್ನು ನಾನು ಬಿಡಲಾರೆ. ತನ್ನ ಊರಿನ ಕಲ್ಲಿನಂತೆಯೇ ಇರುವ, ಬೇರೆ ಬೇರೆ ಊರುಗಳಿಂದ ಬಂದ ಕಲ್ಲುಗಳನ್ನು ಒಂದೇ ಕಡೆ ಸಾಲಾಗಿ ಕಂಡಾಗ ಮಾತ್ರ ಹೋಲಿಸುವುದು ಸಾಧ್ಯ, ಹೋಲಿಸಿದಾಗಲೇ ಮಗು ಕಾಲವನ್ನು ಗುರುತಿಸಲು ಕಲಿಯುತ್ತದೆ.

ಒಂದು ತೊಡಕನ್ನು ಯಾರೂ ಹೇಳಲಿಲ್ಲ. ವಿಶ್ವ ಪರಂಪರೆ ದಿನ ಏಪ್ರಿಲ್ 18ಕ್ಕೆ, ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಮೇ 18ಕ್ಕೆ ಬರುತ್ತವೆ. ಸಂಸ್ಥೆಗಳು ಉತ್ಸಾಹದಿಂದ ಕಾರ್ಯಕ್ರಮ ಮಾಡುವ ಈ ಎರಡೂ ದಿನಗಳಲ್ಲಿ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ನಮಗೆ ಒದಗುವುದು ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹ. ಆ ಹೊತ್ತಿಗೆ ಮಳೆ ನಿಂತಿರುತ್ತದೆ, ಕಲ್ಯಾಣದ ಚಾಲುಕ್ಯರ ಪಾಠವನ್ನೂ ಆ ತಿಂಗಳಿಗೆ ಹೊಂದಿಸಿಕೊಳ್ಳಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಗೆ ಹತ್ತು ಬ್ಯಾಗ್‌ರಹಿತ ದಿನಗಳ ಮಾತನ್ನೂ ಆಡಿತ್ತು, ನಮ್ಮಲ್ಲಿ ಸಂಭ್ರಮ ಶನಿವಾರವೆಂಬ ಕಲ್ಪನೆಯೂ ಬಂದಿದೆ. ಹೆಸರು ಏನೇ ಇರಲಿ, ದಿನಗಳು ಸಿಗುತ್ತವೆ.

ಸಂಸ್ಥೆಗಳಿಗೆ ನಾವು ಏನು ಕೊಡಬಲ್ಲೆವು ಎಂಬುದನ್ನೂ ಯೋಚಿಸಿದ್ದೇನೆ. ಸಂಗ್ರಹಾಲಯಗಳ ಫಲಕಗಳಲ್ಲಿ 'ಕ್ರಿ.ಶ. 11ನೇ ಶತಮಾನ, ಬಳಪದ ಕಲ್ಲು' ಎಂದಷ್ಟೇ ಇರುತ್ತದೆ. ಅದೇ ವಸ್ತುವಿಗೆ ಮಕ್ಕಳು ಓದಿ, ಕೇಳಿ, ತಮ್ಮ ಮಾತಿನಲ್ಲಿ ನಾಲ್ಕು ವಾಕ್ಯದ ವಿವರಣೆ ಬರೆದರೆ ಮುಂದೆ ಬರುವ ಮಕ್ಕಳು ಅದನ್ನು ಓದುತ್ತಾರೆ.

ನಿವೃತ್ತ ಸಿಬ್ಬಂದಿ, ಧಾರವಾಡ

ವಿವರಣೆ ಬರೆಸುವ ವಿಚಾರ ನನಗೆ ಬಹಳ ಹಿಡಿಸಿತು. ಮೂಲ ಫಲಕವನ್ನು ತೆಗೆಯದೆ ಪಕ್ಕದಲ್ಲಿ ಬೇರೆ ಕಾರ್ಡಾಗಿ ಇಡಬೇಕು, ತಜ್ಞರೊಬ್ಬರು ಒಮ್ಮೆ ನೋಡಿ ತಪ್ಪು ತಿದ್ದಿಕೊಡಬೇಕು. ತಿದ್ದುವಾಗ ಮಗುವಿನ ಮಾತಿನ ಧಾಟಿಯನ್ನು ಹಾಗೆಯೇ ಬಿಡಬೇಕು. ಹಾವೇರಿಯ ಸರ್ ಕೇಳಿದ ತುಕ್ಕು, ಗೆದ್ದಲಿನ ವಿಷಯದಲ್ಲಿ ನನ್ನಂಥ ನಿವೃತ್ತರು ಬಂದು ತೋರಿಸಿಕೊಡಬಲ್ಲೆವು, ಬಸ್ಸಿನ ಖರ್ಚೂ ಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಊರಿನ ಬಯಲಿನಲ್ಲಿರುವ ವೀರಗಲ್ಲನ್ನಾಗಲಿ ಶಿಲ್ಪವನ್ನಾಗಲಿ ಶಾಲೆಯ ಕೋಣೆಗೆ ಹೊತ್ತು ತರಬೇಡಿ. ಅದು ಎಲ್ಲಿತ್ತು ಎಂಬುದೇ ಅದರ ಅರ್ಧ ಇತಿಹಾಸ. ಇದ್ದಲ್ಲೇ ಅಳತೆ, ಛಾಯಾಚಿತ್ರ, ನಕ್ಷೆ ಮಾಡಿ ಇಲಾಖೆಗೆ ತಿಳಿಸುವುದನ್ನು ಮಕ್ಕಳಿಗೆ ಕಲಿಸಿ.

ಮುಖ್ಯೋಪಾಧ್ಯಾಯರು, ಹಾವೇರಿ ಜಿಲ್ಲೆ

ಖಂಡಿತ ಸರ್. ಗೃಹಬಳಕೆಯ ವಸ್ತುಗಳನ್ನಷ್ಟೇ ತರುತ್ತೇವೆ, ಅದೂ ಮನೆಯವರ ಒಪ್ಪಿಗೆ ಬರೆಸಿಕೊಂಡೇ. ಬಸ್ಸಿನ ವಿಷಯದಲ್ಲಿ ನನ್ನದೊಂದು ಸಲಹೆಯಿದೆ. ಒಂದು ಕ್ಲಸ್ಟರಿನ ಶಾಲೆಗಳು ಸೇರಿ ಒಂದೊಂದು ಶಾಲೆಯಿಂದ ಕೆಲವೇ ಮಕ್ಕಳನ್ನು ಕಳಿಸಿ, ಹಿಂತಿರುಗಿದವರು ಉಳಿದವರಿಗೆ ಪಾಠ ಮಾಡುವ ಪದ್ಧತಿಯಿಟ್ಟರೆ ಖರ್ಚು ಹಂಚಿಹೋಗುತ್ತದೆ. ಆಯ್ಕೆಯಲ್ಲಿ ಪ್ರತಿಭಾ ಕಾರಂಜಿಯಲ್ಲಿ ಗೆದ್ದವರನ್ನೇ ಮತ್ತೆ ಕಳಿಸದೆ, ಎಂದೂ ತಾಲ್ಲೂಕು ದಾಟದ ಮಕ್ಕಳನ್ನು ಮೊದಲು ಕಳಿಸಬೇಕು. ಮುಂದಿನ ಕ್ಲಸ್ಟರ್ ಸಭೆಯಲ್ಲಿ ಇದನ್ನು ನಾನೇ ಇಡುತ್ತೇನೆ.

ಸಮಾಜ ವಿಜ್ಞಾನ ಶಿಕ್ಷಕಿ, ಧಾರವಾಡ

ಹಾಗಾದರೆ ಸಂಸ್ಥೆಗೆ ಬರೆಯುವ ಪತ್ರದ ಕರಡನ್ನು ಇಲ್ಲಿ ಇಡುತ್ತಿದ್ದೇನೆ, ಎಲ್ಲರೂ ತಿದ್ದಬಹುದು.

'ಮಾನ್ಯರೇ, ನಮ್ಮ ಶಾಲೆಯ ಎಂಟನೆಯ ತರಗತಿಯ ಮಕ್ಕಳು ಈ ಶೈಕ್ಷಣಿಕ ವರ್ಷದಲ್ಲಿ ತಮ್ಮ ಸಂಸ್ಥೆಯೊಡನೆ ಸೇರಿ ಕಲಿಯಬೇಕೆಂದು ಬಯಸುತ್ತೇವೆ. ಜುಲೈ ತಿಂಗಳಲ್ಲಿ ವಿಷಯ ಶಿಕ್ಷಕರು ಮಾತ್ರ ಬಂದು ತಮ್ಮೊಡನೆ ಚರ್ಚಿಸಿ ವಸ್ತುಗಳನ್ನು ಆಯ್ದುಕೊಳ್ಳುತ್ತಾರೆ. ಆಗಸ್ಟಿನಲ್ಲಿ ತಮ್ಮವರೊಬ್ಬರು ಶಾಲೆಗೆ ಬಂದು ಪಡಿಯಚ್ಚು ತೆಗೆಯುವ ವಿಧಾನವನ್ನು ತೋರಿಸಿಕೊಡಬೇಕೆಂದು ಕೋರುತ್ತೇವೆ. ನವೆಂಬರ್ ಸಪ್ತಾಹದಲ್ಲಿ ಮಕ್ಕಳು ಎರಡು ಗುಂಪುಗಳಾಗಿ ಬೇರೆ ಬೇರೆ ದಿನ ಬರುತ್ತಾರೆ. ಫೆಬ್ರುವರಿಯಲ್ಲಿ ಮಕ್ಕಳು ಬರೆದ ವಿವರಣೆಗಳನ್ನು ತಮಗೆ ಒಪ್ಪಿಸುತ್ತೇವೆ. ಪ್ರಯಾಣ ಮತ್ತು ಗೌರವಧನದ ವೆಚ್ಚವನ್ನು ಎಸ್‌ಡಿಎಂಸಿ ಮೂಲಕ ಭರಿಸುತ್ತೇವೆ.'

ನಿವೃತ್ತ ಸಿಬ್ಬಂದಿ, ಧಾರವಾಡ

ಕರಡು ಚೆನ್ನಾಗಿದೆ. ಮೂರು ಸಂಗತಿ ಸೇರಿಸಿ. ಪ್ರತಿ ಗುಂಪಿನಲ್ಲಿ ಎಷ್ಟು ಮಕ್ಕಳು, ಅವರಲ್ಲಿ ಮೆಟ್ಟಿಲು ಹತ್ತಲಾಗದವರು ಅಥವಾ ಕಣ್ಣು, ಕಿವಿಯ ತೊಂದರೆಯಿರುವವರು ಎಷ್ಟು ಎಂದು ಬರೆಯಿರಿ. ಸಂಗ್ರಹಾಲಯಗಳ ವಾರದ ರಜೆ ಕೆಲವೆಡೆ ಸೋಮವಾರ, ಕೆಲವೆಡೆ ಶುಕ್ರವಾರ ಇರುತ್ತದೆ, ದಿನಾಂಕ ಬರೆಯುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಮಧ್ಯಾಹ್ನದ ಬುತ್ತಿಯನ್ನು ಮಕ್ಕಳು ಎಲ್ಲಿ ಕುಳಿತು ಉಣ್ಣಬಹುದು, ಕುಡಿಯುವ ನೀರು ಮತ್ತು ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂಬುದನ್ನು ಜುಲೈ ಭೇಟಿಯಲ್ಲೇ ನೋಡಿಕೊಂಡು ಬನ್ನಿ.